ಹುಲಿಗೆಮ್ಮ ಉಡ ನಡೆಸಿದ್ದು

ಹುಲಿಗೆಮ್ಮ ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದವಳು. ಬಸ್ಸುಗಳು ತಾವೇ ಓಡಲು ಶುರುಮಾಡಿದ ವರ್ಷ ಅವಳಿಗೆ ನಲವತ್ತಾರು. ಡಿಪೋದಲ್ಲಿ ಒಂದು ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೈಗಿತ್ತು ಕಳಿಸಿಕೊಟ್ಟರು. ಅದೇ ವರ್ಷ ಕಾಯ್ದೆಯೂ ಬಂತು. ಒಂದು ಕ್ವಿಂಟಲ್‌ಗಿಂತ ಭಾರವಾದ, ತಾನೇ ಚಲಿಸಬಲ್ಲ ಯಾವ ಯಂತ್ರವನ್ನೂ ಮನುಷ್ಯರು ಕೈಯಿಂದ ನಡೆಸುವಂತಿಲ್ಲ. ಬಸ್ಸು, ಲಾರಿ, ಕ್ರೇನು, ಟ್ರ್ಯಾಕ್ಟರು ಎಲ್ಲದಕ್ಕೂ ಒಳಗೇ ಒಂದು ಮಿದುಳು. ಅಪಘಾತಗಳು ಕಡಿಮೆಯಾದದ್ದು ನಿಜ. ಅದಕ್ಕೇ ಯಾರೂ ತಕರಾರು ತೆಗೆಯಲಿಲ್ಲ. ಹುಲಿಗೆಮ್ಮನೂ ತೆಗೆಯಲಿಲ್ಲ. ಗಂಡ ತೀರಿಕೊಂಡು ಬಹಳ ದಿನವಾಗಿತ್ತು, ಮಕ್ಕಳಿರಲಿಲ್ಲ. ತನ್ನ ಟ್ರಂಕು ಹಿಡಿದುಕೊಂಡು ತಮ್ಮ ವಿರುಪಣ್ಣನ ಮನೆಗೆ ಬಂದು ಸೇರಿದಳು.

ವಿರುಪಣ್ಣ ರಾಯಚೂರು ಸೀಮೆಯ ಕರಡಿಗುಡ್ಡ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಅವನ ಹೆಂಡತಿ ಮೌನೇಶ್ವರಿ, ಎಲ್ಲರ ಬಾಯಲ್ಲಿ ಮೌನಾ, ಅದೇ ಗಣಿಯ ನಿಯಂತ್ರಣ ಕೊಠಡಿಯಲ್ಲಿ ಶಿಫ್ಟ್ ಇನ್‌ಚಾರ್ಜ್. ಅಗೆಯುವುದು, ಅದಿರು ಹೊರುವುದು ಎಲ್ಲ ಯಂತ್ರಗಳ ಕೆಲಸ. ಯಂತ್ರ ಕೆಟ್ಟರೆ ಮಾತ್ರ ಮೂರು ನಾಲ್ಕು ಜನ ಕೆಳಗಿಳಿಯುತ್ತಿದ್ದರು. ಆ ಮೂರು ನಾಲ್ಕು ಜನರಲ್ಲಿ ವಿರುಪಣ್ಣ ಒಬ್ಬ.

ಗಣಿ ಕಾಲೊನಿಯ ಎರಡು ಕೋಣೆಯ ಆ ಕ್ವಾರ್ಟರ್ಸಿನಲ್ಲಿ ಹುಲಿಗೆಮ್ಮನಿಗೆ ಹೊತ್ತು ಹೋಗುತ್ತಿರಲಿಲ್ಲ. ಒಂದು ದಿನ ಗುಜರಿ ಅಂಗಡಿಯಿಂದ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ತಂದು ಟಿವಿಗೆ ಜೋಡಿಸಿದಳು. ಅದರಲ್ಲಿದ್ದದ್ದು ಒಂದೇ ಆಟ, ಘಟ್ಟದ ರಸ್ತೆಗಳಲ್ಲಿ ಲಾರಿ ಓಡಿಸುವುದು. ಅದರ ಕಂಟ್ರೋಲರನ್ನು ಅವಳು 'ರಿಮೋಟು' ಎನ್ನುತ್ತಿದ್ದಳು. ಎರಡು ಕೈಯಲ್ಲೂ ಹಿಡಿದು, ಎಡ ಹೆಬ್ಬೆರಳಲ್ಲಿ ಪುಟ್ಟ ಸ್ಟಿಕ್ಕನ್ನು ತಿರುವುತ್ತ, ಬಲಗೈಯಲ್ಲಿ ಗುಂಡಿ ಒತ್ತುತ್ತ, ಮಧ್ಯಾಹ್ನ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಆರು ವರ್ಷ ಹೀಗೇ ಆಡಿದ್ದಳು.

ಮೌನಾಗೆ ಆ ಟಕಟಕ ಶಬ್ದ ಕೇಳಿ ಕೇಳಿ ಸಾಕಾಗಿತ್ತು. ಆದರೂ ನಾದಿನಿ, ವಯಸ್ಸಿನಲ್ಲಿ ಹಿರಿಯಳು, ಬಾಯಿ ಬಿಟ್ಟು ಏನೂ ಅಂದಿರಲಿಲ್ಲ. ಬುಧವಾರ ಮಾತ್ರ ತಡೆಯಲಾಗಲಿಲ್ಲ. ಕಾಲೊನಿಗೆ ಮೂರು ದಿನಕ್ಕೊಮ್ಮೆ, ಒಂದೇ ತಾಸು ನಲ್ಲಿ ನೀರು. ಆ ದಿನ ಮನೆಯಲ್ಲಿದ್ದವಳು ಹುಲಿಗೆಮ್ಮ ಒಬ್ಬಳೇ. ಆಟದಲ್ಲಿ ಮುಳುಗಿ ನಲ್ಲಿ ತಿರುವುವುದನ್ನು ಮರೆತಳು. ಮೌನಾ ಡ್ಯೂಟಿ ಮುಗಿಸಿ ಬಂದರೆ ಡ್ರಮ್ಮು ಖಾಲಿ, ಕೊಡ ಖಾಲಿ. ವಿರುಪಣ್ಣ ಮೈತುಂಬ ಮಸಿ ಹಚ್ಚಿಕೊಂಡು ಸ್ನಾನಕ್ಕೆ ನಿಂತಿದ್ದಾನೆ.

"ಒಂದು ನಲ್ಲಿ ತಿರುವಾಕ ಆಗಲಿಲ್ಲೇನ್ರಿ ಅಕ್ಕಾರ?" ಎಂದಳು ಮೌನಾ.

"ಆಗಲಿಲ್ಲವ್ವ. ಮರ್ತೆ," ಎಂದಳು ಹುಲಿಗೆಮ್ಮ.

ಅಷ್ಟೇ ಮಾತು. ಆದರೆ ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ, ಹುಲಿಗೆಮ್ಮ ಹಿತ್ತಲಲ್ಲಿದ್ದಾಗ, ಮೌನಾ ಟಿವಿಯ ಮುಂದಿದ್ದ ಕಂಟ್ರೋಲರನ್ನು ಎತ್ತಿ ತನ್ನ ಚೀಲದೊಳಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟೂ ಇತ್ತು, ನಾಚಿಕೆಯೂ ಇತ್ತು.

ಹತ್ತೂ ಇಪ್ಪತ್ತಕ್ಕೆ ನಿಯಂತ್ರಣ ಕೊಠಡಿಯ ನೆಲ ಒಮ್ಮೆ ಅದುರಿತು. ಮೇಜಿನ ಮೇಲಿದ್ದ ಚಹಾದ ಲೋಟ ಜರುಗಿ ಕೆಳಗೆ ಬಿತ್ತು.

ನೆಲದಾಳದ ಬಂಡೆಯ ಮೇಲೆ ಸುತ್ತಲಿನ ಬೆಟ್ಟದ ಭಾರವೆಲ್ಲ ಕೂತಿರುತ್ತದೆ. ಅಗೆದು ಜಾಗ ಖಾಲಿ ಮಾಡಿದಾಗ ಆ ಒತ್ತಡ ತಾಳಲಾರದೆ ಕೆಲವೊಮ್ಮೆ ಬಂಡೆ ತಾನಾಗಿಯೇ ಸಿಡಿಯುತ್ತದೆ. ಒಂಬೈನೂರು ಮೀಟರ್ ಕೆಳಗೆ, ಇಪ್ಪತ್ತೇಳನೇ ಲೆವೆಲ್ಲಿನ ಸುರಂಗದಲ್ಲಿ ಆ ದಿನ ಆದದ್ದು ಅದೇ. ಅಲ್ಲಿ ನಿಂತುಹೋದ ಪಂಪೊಂದನ್ನು ರಿಪೇರಿ ಮಾಡಲು ಮೂವರು ಇಳಿದಿದ್ದರು: ವಿರುಪಣ್ಣ, ಫಿಟ್ಟರ್ ಸೋಮ್ಲಾ ನಾಯ್ಕ, ಇನ್ನೊಬ್ಬ ಖಾಜಾ.

ನಿಮಿಷ ಕಳೆಯುವುದರೊಳಗೆ ಪರದೆಯ ಮೇಲೆ ಒಂದು ಸಂದೇಶ ಮೂಡಿತು. ಸುರಂಗದ ಕೊನೆಯ ಆಸರೆ ಕೋಣೆಯಿಂದ ಬಂದದ್ದು. ಆಸರೆ ಕೋಣೆಯೆಂದರೆ ಅಪಾಯ ಬಂದಾಗ ಒಳಹೊಕ್ಕು ಬಾಗಿಲು ಹಾಕಿಕೊಳ್ಳುವ ಉಕ್ಕಿನ ಪೆಟ್ಟಿಗೆ. ಒಳಗೆ ಆಮ್ಲಜನಕದ ಸಿಲಿಂಡರುಗಳು ಇರುತ್ತವೆ. 'ಬಾಗಿಲು ಹಾಕಿದೆ. ಒಳಗೆ ಮೂವರು' ಎಂದಿತ್ತು ಸಂದೇಶ. ಮೌನಾ ಉಸಿರು ಬಿಟ್ಟಳು. ಸಿಲಿಂಡರುಗಳು ಮೂವತ್ತಾರು ತಾಸಿಗೆ ಸಾಲುತ್ತವೆ. ಆಮೇಲೆ ಅದರ ಕೆಳಗಿನ ಅಂಕಿ ನೋಡಿದಳು. ಸಿಲಿಂಡರಿನ ಒತ್ತಡ ಇಳಿಯುತ್ತಿತ್ತು. ಎಲ್ಲೋ ಸೋರುತ್ತಿದೆ. ಲೆಕ್ಕ ಹಾಕಿದರೆ ಸಂಜೆ ಐದರವರೆಗೆ ಮಾತ್ರ ಗಾಳಿ. ಅಷ್ಟು ತಿಳಿಸಿ ತಂತಿ ಕಡಿದುಹೋಯಿತು. ಆಮೇಲೆ ಕೆಳಗಿನಿಂದ ಒಂದು ಅಕ್ಷರವೂ ಬರಲಿಲ್ಲ.

ಗಣಿಯ ಸೂಪರಿಂಟೆಂಡೆಂಟ್ ವಾಮನರಾವ್ ಇಟಗಿ ಓಡಿ ಬಂದರು. ಅರವತ್ತರ ಹತ್ತಿರದ, ಮೆತ್ತಗೆ ಮಾತಾಡುವ ಮನುಷ್ಯ. "ಮೌನೇಶ್ವರಿ, ನೀವು ಮನಿಗೆ ಹೋಗ್ರಿ. ಬ್ಯಾರೆಯವ್ರನ್ನ ಕೂಡಿಸ್ತೀನಿ," ಎಂದರು.

"ಮನಿಗೆ ಹೋಗಿ ಏನ್ ಮಾಡ್ಲಿ ಸರ್? ಇಲ್ಲೇ ಇರ್ತೀನಿ," ಎಂದಳು ಮೌನಾ. ಅವರು ಮತ್ತೆ ಒತ್ತಾಯಿಸಲಿಲ್ಲ.

ಬಿದ್ದ ಕಲ್ಲು ತೆಗೆದು ದಾರಿ ಮಾಡಲು ಎರಡು ದಿನ ಬೇಕು. ಆದ್ದರಿಂದ ಉಡವನ್ನು ಇಳಿಸಿದರು. ಉಡವೆಂದರೆ ರಕ್ಷಣೆಗೆಂದೇ ಮಾಡಿದ ಯಂತ್ರ. ಕರುವಿನಷ್ಟು ದೊಡ್ಡದು, ಆರು ಕಾಲು, ಉದ್ದ ಬಾಲ. ಬೆನ್ನ ಮೇಲೆ ಹೆಬ್ಬೆರಳು ದಪ್ಪದ ಗಾಳಿ ಪೈಪಿನ ಸುರುಳಿ, ಅದರ ಜೊತೆಗೇ ಮಾತು, ಚಿತ್ರ ಸಾಗಿಸುವ ಒಂದು ತಂತಿ. ಮುಂದೆ ಹೋದಂತೆ ಪೈಪು ಪಕ್ಕಕ್ಕೆ ಬಿಚ್ಚಿಕೊಳ್ಳುತ್ತದೆ. ಪೈಪಿನ ಬಾಯಿ ಬಾಲದ ತುದಿಯಲ್ಲಿರುತ್ತದೆ. ಆಸರೆ ಕೋಣೆಯ ಹೊರಗೋಡೆಯಲ್ಲಿರುವ ರಂಧ್ರಕ್ಕೆ ಬಾಲ ತೂರಿಸಿದರೆ ಕೊಂಡಿ ಬೀಳುತ್ತದೆ. ಒಳಗಿನವರು ಒಂದು ಚಕ್ರ ತಿರುವಿದರೆ ಮೇಲಿನ ಗಾಳಿ ಅವರಿಗೆ ಸಿಗುತ್ತದೆ. ಉಡಕ್ಕೂ ತನ್ನದೇ ಮಿದುಳು. ಯಾರೂ ನಡೆಸಬೇಕಿಲ್ಲ.

ಉಡ ನಾನೂರು ಮೀಟರ್ ಸರಾಗವಾಗಿ ಹೋಯಿತು. ಕಲ್ಲಿನ ರಾಶಿ ಹತ್ತಿತು, ಇಳಿಯಿತು, ನೀರು ದಾಟಿತು. ಹನ್ನೆರಡೂವರೆಗೆ ನಿಂತಿತು. ಪರದೆಯ ಮೇಲೆ 'ನಕ್ಷೆಗೂ ಜಾಗಕ್ಕೂ ಹೊಂದುತ್ತಿಲ್ಲ. ಮುಂದುವರಿಯುವುದು ಸುರಕ್ಷಿತವಲ್ಲ' ಎಂಬ ಸಾಲು ಬಂತು.

ಆಸರೆ ಕೋಣೆ ಅಲ್ಲಿಂದ ಅರವತ್ತೆರಡು ಮೀಟರ್ ದೂರದಲ್ಲಿತ್ತು.

ಉಡದ ಮಿದುಳಿನಲ್ಲಿದ್ದದ್ದು ಬಂಡೆ ಸಿಡಿಯುವ ಮೊದಲಿನ ನಕ್ಷೆ. ಈಗ ಆ ಸುರಂಗಕ್ಕೆ ಬೇರೆಯೇ ಆಕಾರ ಬಂದಿತ್ತು. ಅದನ್ನು ತಯಾರಿಸಿದ ಪರದೇಶದ ಕಂಪನಿಗೆ ಫೋನ್ ಹಚ್ಚಿದರು. ಅವರು ಒಳ್ಳೆಯ ಮಾತಲ್ಲೇ ಉತ್ತರ ಕೊಟ್ಟರು: ಹೊಸ ನಕ್ಷೆ ಕಟ್ಟಿ ಕಳಿಸಲು ಒಂಬತ್ತು ತಾಸು ಬೇಕು.

ಇಟಗಿಯವರು ಕುರ್ಚಿಯಲ್ಲಿ ಕೂತುಬಿಟ್ಟರು. ಆಗ ಮೂಲೆಯ ಕಂಪ್ಯೂಟರಿನ ಮುಂದಿದ್ದ ನಸ್ರೀನ್ ತಲೆಯೆತ್ತಿದಳು. ಗಣಿಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಇಪ್ಪತ್ತೊಂಬತ್ತರ ಹೆಂಗಸು.

"ಸರ್, ಒಂದ್ ಮಾತು. ಇಂಥಾ ಮಷೀನು ಮಾಡುವಾಗ ಇಂಜಿನಿಯರುಗಳು ಮೊದಲ ಕೈಯಿಂದ ನಡೆಸಿ ನೋಡಿರ್ತಾರ. ಕಾಲು ಸರಿ ಏಳತಾವೋ ಇಲ್ಲೋ ಅಂತ. ಅದಕ್ಕ ಆಟದ ಕಂಟ್ರೋಲರ್ ಹಚ್ಚಿರ್ತಾರ, ಸಸ್ತಾ ಸಿಗತೈತಿ ಅಂತ. ಆ ಭಾಗ ಇದರ ಪ್ರೋಗ್ರಾಮಿನಾಗ ಇನ್ನೂ ಐತಿ. ಅಳಿಸಿಲ್ಲ, ಮುಚ್ಚ್ಯಾರ ಅಷ್ಟ. ನಾ ತೆಗಿಬಲ್ಲೆ."

"ಅಂದ್ರ, ಮನುಷ್ಯಾರು ನಡೆಸೂದು?"

"ಹೌದ್ರಿ."

"ಕಾಯ್ದೆ ಅದ ನಸ್ರೀನ್."

"ಗೊತ್ತೈತ್ರಿ ಸರ್."

ಇಟಗಿಯವರು ಗಡಿಯಾರ ನೋಡಿದರು, ಆಮೇಲೆ ಮೌನಾಳ ಮುಖ ನೋಡಿದರು. ಎದ್ದು ಹೋಗಿ ಕೊಠಡಿಯ ದಿನಚರಿ ಪುಸ್ತಕ ತೆರೆದು ಏನೋ ಬರೆದು ಸಹಿ ಹಾಕಿದರು. "ನನ್ನ ಹೆಸರಲೆ ಬರದೀನಿ. ನಾಳೆ ಯಾರರ ಕೇಳಿದ್ರ ನನ್ನ ಕೇಳಲಿ. ಆದ್ರ ಆಟದ ಕಂಟ್ರೋಲರ್ ಈಗ ಎಲ್ಲಿಂದ ತರೂದು? ರಾಯಚೂರಿಗೆ ಹೋಗಿ ಬರೂದ್ರಾಗ..."

ಮೌನಾ ತನ್ನ ಚೀಲ ತೆಗೆದಳು. ಊಟದ ಡಬ್ಬಿಯ ಕೆಳಗಿದ್ದ ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು. ಎಲ್ಲರೂ ಅವಳನ್ನೇ ನೋಡಿದರು.

"ನಮ್ಮನೀದು," ಎಂದಳು. ಹೆಚ್ಚಿಗೆ ಹೇಳುವ ಧೈರ್ಯವಾಗಲಿಲ್ಲ.

ಕಂಟ್ರೋಲರು ಕೈಗೆ ಬಂದಿತಾದರೂ ಅದು ಕಂಪ್ಯೂಟರಿನ ಕೂಡ ಮಾತಾಡಬೇಕಲ್ಲ. ತಂತಿಯಿಲ್ಲದೆ ಜೋಡಿಸುವುದು ಆ ಕೊಠಡಿಯಲ್ಲಿ ಸಾಧ್ಯವಿರಲಿಲ್ಲ. ಹೊರಗಿನ ಯಾವ ರೇಡಿಯೊ ಅಲೆಯೂ ಯಂತ್ರಗಳಿಗೆ ತಾಗಬಾರದೆಂದು ಗೋಡೆಗಳೊಳಗೆ ಲೋಹದ ಜಾಳಿಗೆ ಹಾಕಿ, ಕಂಪ್ಯೂಟರುಗಳಿಂದ ಅಲೆ ಹಿಡಿಯುವ ಬಿಡಿಭಾಗವನ್ನೇ ಕಿತ್ತಿದ್ದರು. ಕೇಬಲ್ ಬೇಕು. ನಸ್ರೀನ್ ತನ್ನ ಫೋನಿನ ಕೇಬಲ್ ಚುಚ್ಚಿದಳು. ಕಂಟ್ರೋಲರಿನ ದೀಪ ಹತ್ತಿತು. ಆದರೆ ಕಂಪ್ಯೂಟರಿನ ಪರದೆಯ ಮೇಲೆ ಏನೂ ಬರಲಿಲ್ಲ. ಇಟಗಿಯವರ ಕೇಬಲ್ ಚುಚ್ಚಿದರು. ಆಗಲೂ ಬರೀ ದೀಪ. ವಾಚ್‌ಮನ್ ಹತ್ತಿರ ಇದ್ದದ್ದನ್ನೂ ತರಿಸಿದರು. ಅದೂ ಹಾಗೇ.

"ಇವೆಲ್ಲ ಚಾರ್ಜಿಂಗ್ ವಾಯರು," ಎಂದಳು ನಸ್ರೀನ್. "ಇವುಗಳೊಳಗ ಕರೆಂಟ್ ಅಷ್ಟ ಹರಿತೈತಿ. ಗುಂಡಿ ಒತ್ತಿದ್ದು ಕಂಪ್ಯೂಟರಿಗೆ ತಿಳಿಬೇಕಂದ್ರ ಒಳಗ ಇನ್ನೆರಡು ಎಳಿ ಬೇಕು. ಇದರ ಜೋಡಿ ಬಂದ ವಾಯರು ಇರ್ತಿತ್ತಲ್ಲ, ಅದು ಎಲ್ಲಿ?"

ಅದು ಮನೆಯಲ್ಲಿತ್ತು.

ಅತ್ತ ಕ್ವಾರ್ಟರ್ಸಿನಲ್ಲಿ ಹುಲಿಗೆಮ್ಮ ಬೆಳಗಿನಿಂದ ತನ್ನ ರಿಮೋಟು ಹುಡುಕುತ್ತಿದ್ದಳು. ಮಂಚದ ಕೆಳಗೆ, ಹಾಸಿಗೆಯ ಸುರುಳಿಯಲ್ಲಿ, ಜೋಳದ ಡಬ್ಬಿಯ ಹಿಂದೆ, ಎಲ್ಲ ಕಡೆ ನೋಡಿದಳು. ನಿನ್ನೆಯ ತಪ್ಪು ಮನಸ್ಸಿನಲ್ಲಿ ಕುಟುಕುತ್ತಿತ್ತು. ಆಡಬೇಕೆಂದಲ್ಲ, ಹಗಲಿಡೀ ಖಾಲಿ ಕೈ ಇಟ್ಟುಕೊಂಡು ಕೂರುವುದು ಅವಳಿಗೆ ಹೆದರಿಕೆ ಹುಟ್ಟಿಸುತ್ತಿತ್ತು. ಅಷ್ಟರಲ್ಲಿ ಗಣಿಯ ಸೈರನ್ ಕೂಗಿತು. ಕಾಲೊನಿಯ ಹೆಂಗಸರೆಲ್ಲ ಬೀದಿಗೆ ಬಂದರು. ಯಾರ್ಯಾರು ಕೆಳಗಿದ್ದಾರೆಂಬುದು ಬಾಯಿಂದ ಬಾಯಿಗೆ ಬಂತು. ಹುಲಿಗೆಮ್ಮ ಹೊಸ್ತಿಲ ಮೇಲೆ ಕೂತವಳು ಏಳಲೇ ಇಲ್ಲ.

ಒಂದೂವರೆಗೆ ಫೋನ್ ಬಂತು.

"ಅಕ್ಕಾರ, ನಾ ಮೌನಾ. ನಿಮ್ಮ ರಿಮೋಟು ನನ್ನ ಹತ್ರ ಐತಿ. ಮುಂಜಾನಿ ನಾನ ತಗೊಂಡ್ ಬಂದೀನಿ. ಸಿಟ್ಟಿಗೆ."

ಹುಲಿಗೆಮ್ಮ ಹೊಸ್ತಿಲಿಂದ ಎದ್ದು ನಿಂತಳು.

"ಅದ್ ಇರ್ಲಿ. ವಿರುಪ ಹ್ಯಾಂಗ ಅದಾನ?"

"ಗೊತ್ತಿಲ್ರಿ. ಅವರಿಗೆ ಗಾಳಿ ಮುಟ್ಟಿಸಬೇಕಾಗೈತಿ. ಅದಕ್ಕ ನಿಮ್ಮ ರಿಮೋಟಿನ ವಾಯರು ಬೇಕ್ರಿ. ಅದರ ಜೋಡಿ ಬಂದದ್ದ ಬೇಕು. ಯಾಕಂತ ಆಮ್ಯಾಲ ಹೇಳ್ತೀನಿ."

"ಟಿವಿ ಹಿಂದ ಐತಿ. ಈಗ ತರ್ತೀನಿ," ಎಂದವಳೇ ಹುಲಿಗೆಮ್ಮ ಫೋನಿಟ್ಟಳು.

ಸೈರನ್ ಆದ ಕೂಡಲೇ ಕಾಲೊನಿಯ ಬಸ್ಸುಗಳು ನಿಯಮದಂತೆ ಇದ್ದಲ್ಲೇ ನಿಂತುಬಿಟ್ಟಿದ್ದವು. ಹುಲಿಗೆಮ್ಮ ಒಂದು ಬಸ್ಸಿನ ಖಾಲಿ ಮುಂಭಾಗವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಪಕ್ಕದ ಮನೆಯವರ ಸೈಕಲ್ ಎಳೆದುಕೊಂಡು, ಸೀರೆ ಎತ್ತಿ ಸಿಕ್ಕಿಸಿ, ಕೇಬಲನ್ನು ಕೊರಳಿಗೆ ಸುತ್ತಿಕೊಂಡು ಹೊರಟಳು. ಎರಡು ಕಿಲೋಮೀಟರ್ ಏರು ದಾರಿ. ಗಣಿಯ ಗೇಟು ಮುಟ್ಟುವಷ್ಟರಲ್ಲಿ ಅವಳಿಗೆ ಮಾತೇ ಬರುತ್ತಿರಲಿಲ್ಲ.

ಕೇಬಲ್ ಚುಚ್ಚಿದ ಮರುಕ್ಷಣ ಕಂಪ್ಯೂಟರು 'ಟುಣ್' ಎಂದಿತು. ಪರದೆಯ ಮೂಲೆಯಲ್ಲಿ ಕಂಟ್ರೋಲರಿನ ಪುಟ್ಟ ಚಿತ್ರ ಮೂಡಿತು. ನಸ್ರೀನ್ ಎರಡೂ ಕೈಯಿಂದ ಮುಖ ಒರೆಸಿಕೊಂಡಳು. "ಹತ್ತಿತು," ಎಂದಳು.

ಇನ್ನೂ ಕೆಲಸ ಬಾಕಿಯಿತ್ತು. ಹಳೆಯ ಪ್ರೋಗ್ರಾಮು ಬೇರೆ ಬಗೆಯ ಕಂಟ್ರೋಲರಿಗಾಗಿ ಬರೆದದ್ದು. ಮುಂದೆ ಒತ್ತಿದರೆ ಉಡ ಹಿಂದೆ ಸರಿಯಿತು. ಬಾಲ ಎತ್ತುವ ಗುಂಡಿ ಒತ್ತಿದರೆ ದೀಪ ಆರಿತು. ಯಾವ ಗುಂಡಿಗೆ ಯಾವ ಕೆಲಸವೆಂದು ನಸ್ರೀನ್ ಒಂದೊಂದಾಗಿ ಹೊಂದಿಸುತ್ತ ಹೋದಳು. ಇಪ್ಪತ್ತೈದು ನಿಮಿಷ ಹಿಡಿಯಿತು. ಆಮೇಲೆ ಕಂಟ್ರೋಲರನ್ನು ಮೌನಾಳ ಕೈಗೆ ಕೊಟ್ಟಳು. ಉಡವನ್ನು ಬಲ್ಲವಳು ಅವಳೇ ಅಲ್ಲವೆ?

ಹುಲಿಗೆಮ್ಮನನ್ನು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂಡಿಸಿ ನೀರು ಕೊಟ್ಟಿದ್ದರು. ಅಲ್ಲಿಂದಲೇ ಅವಳಿಗೆ ದೊಡ್ಡ ಪರದೆ ಕಾಣುತ್ತಿತ್ತು. ಉಡದ ದೀಪದ ಬೆಳಕಿನಲ್ಲಿ ಧೂಳು, ಕಲ್ಲು, ಎಡಕ್ಕೆ ಗೋಡೆ, ಬಲಕ್ಕೆ ಕಪ್ಪಗೆ ಬಾಯ್ದೆರೆದ ಗುಂಡಿ. ಅದು ಅದಿರನ್ನು ಕೆಳಗಿನ ಲೆವೆಲ್ಲಿಗೆ ಸುರಿಯುವ ಗುಂಡಿ, ನಲವತ್ತು ಮೀಟರ್ ಆಳ. ಗುಂಡಿಗೂ ಗೋಡೆಗೂ ನಡುವೆ ಉಡ ಹಿಡಿಸುವಷ್ಟೇ ದಾರಿ.

ಮೌನಾ ಸ್ಟಿಕ್ಕನ್ನು ಮುಂದಕ್ಕೊತ್ತಿದಳು. ಉಡ ಎರಡು ಹೆಜ್ಜೆ ಇಟ್ಟಿತು, ಮೂರನೆಯದು ಬಲಕ್ಕೆ ವಾಲಿತು. ಅವಳು ಎಡಕ್ಕೆಳೆದಳು. ಚಿತ್ರ ಬರುವುದು ಒಂದು ಸೆಕೆಂಡು ತಡ; ಎಳೆದದ್ದು ಕಾಣಲಿಲ್ಲವೆಂದು ಇನ್ನಷ್ಟು ಎಳೆದಳು. ಉಡ ಗೋಡೆಗೆ ಢೀ ಕೊಟ್ಟು ಪುಟಿದು, ಒಂದು ಹಿಂಗಾಲು ಗುಂಡಿಯ ಅಂಚಿನಿಂದ ಜಾರಿತು. ಕಲ್ಲುಗಳು ಉದುರಿದವು. ಅವು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿತು.

"ಬಿಡು! ಕೈ ಬಿಡು!" ಹುಲಿಗೆಮ್ಮ ಎದ್ದು ನಿಂತಿದ್ದಳು. "ಅದು ಬಲಕ್ಕ ಎಳಿತೈತಿ ಮೌನಾ. ಆ ಕಡ್ಡಿ ಸವದೈತಿ. ಮುಂದ ಹೋಗುವಾಗ ಹೆಬ್ಬಟ್ಟು ಒಂದೀಟು ಎಡಕ್ಕ ಇಟ್ಟಿರಬೇಕು."

ಮೌನಾ ತಿರುಗಿ ನೋಡಿದಳು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ಅಕ್ಕಾರ, ನೀವ ಬರ್ರಿ."

"ನಾನೇನು? ನನಗ ಈ ಮಷೀನೆಲ್ಲ..."

"ಮಷೀನು ನಾ ಹೇಳ್ತೀನಿ. ಕೈ ನಿಮ್ದ ಇರ್ಲಿ."

ಹುಲಿಗೆಮ್ಮ ಇಟಗಿಯವರತ್ತ ನೋಡಿದಳು. ಅವರು ತಲೆಯಾಡಿಸಿದರು. ಅವಳು ಕೂತು, ಸೆರಗು ಬಿಗಿಮಾಡಿಕೊಂಡು, ಕಂಟ್ರೋಲರನ್ನು ತೊಡೆಯ ಮೇಲಿಟ್ಟು ಹಿಡಿದಳು.

"ಆ ಎಳೆತ ಬೇಕಾದ್ರ ಪ್ರೋಗ್ರಾಮಿನಾಗ ಸರಿ ಮಾಡ್ಲೇನ್ರಿ?" ನಸ್ರೀನ್ ಕೇಳಿದಳು.

"ಬ್ಯಾಡವ್ವ. ಆರು ವರ್ಷ ಆತು, ನನ್ನ ಹೆಬ್ಬಟ್ಟಿಗೆ ಅದು ರೂಢಿ. ಈಗ ಸರಿ ಮಾಡಿದಿ ಅಂದ್ರ ನಾ ಎಡಕ್ಕ ಹೋಗಿ ಬಡಿತೀನಿ."

"ಇನ್ನೊಂದ್ ಐತ್ರಿ. ಉಡದ ಕಾಲು ಜಾರಿದ್ರ ನಿಮ್ಮ ಕೈಯಾಗಿಂದು ನಡುಗತೈತಿ. ಎಡಗಾಲಿಗೆ ಎಡಕ್ಕ, ಬಲಗಾಲಿಗೆ ಬಲಕ್ಕ. ಅದೂ ಹಳೇ ಪ್ರೋಗ್ರಾಮಿನಾಗ ಇತ್ತು."

"ಸ್ಟೇರಿಂಗ್ ನಡುಗಿದಂಗ," ಎಂದಳು ಹುಲಿಗೆಮ್ಮ. ಅದು ಅವಳಿಗೆ ಕೂಡಲೇ ತಿಳಿಯಿತು.

ಎರಡೂ ಮುಕ್ಕಾಲಿಗೆ ಉಡ ಮತ್ತೆ ಹೊರಟಿತು. ಮೊದಲು ಜಾರಿದ್ದ ಕಾಲನ್ನು ಮೇಲೆ ತಂದಳು. ಒಂದು ಹೆಜ್ಜೆ ಇಟ್ಟು ಕೈ ಸಡಿಲಿಸಿದಳು. ಚಿತ್ರ ಬರುವ ತನಕ ಕಾದಳು. ಮತ್ತೊಂದು ಹೆಜ್ಜೆ. ಆ ಒಂದು ಸೆಕೆಂಡಿನ ತಡ ಅವಳನ್ನು ಕಾಡಲಿಲ್ಲ. ಎಂಬತ್ತು ಮಂದಿ ತುಂಬಿದ ಹಳೆಯ ಬಸ್ಸು ಇಳಿಜಾರಿನಲ್ಲಿ ಬ್ರೇಕು ಒತ್ತಿದ ಕೂಡಲೇ ಎಂದಾದರೂ ನಿಂತದ್ದುಂಟೆ? ನಿಲ್ಲಬೇಕಾದ ಜಾಗ ಬರುವ ಮುಂಚೆಯೇ ಕಾಲು ಪೆಡಲಿನ ಮೇಲಿರಬೇಕಿತ್ತು. ಹುಲಿಗೆಮ್ಮ ಹಾಗೆಯೇ ನಡೆಸಿದಳು. ಕಂಟ್ರೋಲರು ಬಲಗೈಯಲ್ಲಿ ಗುರುಗುಟ್ಟಿದರೆ ನಿಂತು, ಭಾರ ಎಡಕ್ಕೆ ಹಾಕಿ, ಮತ್ತೆ ಮುಂದೆ ಸಾಗಿದಳು.

ಉಡ ಗುಂಡಿ ದಾಟಿತು. ಮೌನಾ ದೂರ ಹೇಳುತ್ತ ಹೋದಳು: ಐವತ್ತು ಮೀಟರ್, ನಲವತ್ತನಾಲ್ಕು. ಒಂದೆಡೆ ಮೇಲ್ಛಾವಣಿ ಕೆಳಗಿಳಿದಿತ್ತು. ಉಡದ ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿಸಿದಳು. ಅದಕ್ಕೇ ನಲವತ್ತು ನಿಮಿಷ ಹೋಯಿತು. ಯಾರೋ ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ನಾಲ್ಕೂ ಐದಕ್ಕೆ ಉಡದ ಬೆಳಕು ಹಳದಿ ಬಣ್ಣದ ಉಕ್ಕಿನ ಗೋಡೆಯೊಂದಕ್ಕೆ ಬಡಿಯಿತು.

"ಅದ ಆಸರೆ ಕೋಣೆ," ಎಂದಳು ಮೌನಾ.

ಆದರೆ ಗೋಡೆಯ ಮುಂದೆ ಒಂದು ದೊಡ್ಡ ಚಪ್ಪಡಿ ಬಿದ್ದು ಒರಗಿಕೊಂಡಿತ್ತು. ಪೈಪಿನ ರಂಧ್ರ ಅದರ ಸಂದಿಯಲ್ಲಿ, ಮೂರು ಮೀಟರ್ ಒಳಗೆ. ಬಾಲ ಮುಂದಾಗಿ ಹೋಗಬೇಕು, ಅಂದರೆ ಹಿಮ್ಮುಖವಾಗಿ ನಡೆಸಬೇಕು. ಹಿಂದಿನ ಕ್ಯಾಮೆರಾ ಗೋಡೆಗೆ ಢೀ ಕೊಟ್ಟಾಗಲೇ ಒಡೆದಿತ್ತು. ಉಳಿದದ್ದು ಎರಡು ಬದಿಗೂ ಹಿಂದಕ್ಕೂ ಇರುವ ಅಂತರ ತೋರಿಸುವ ಮೂರು ಅಂಕಿ ಮಾತ್ರ.

"ಹಿಂದ ಕಾಣಂಗಿಲ್ಲ ಅಕ್ಕಾರ."

"ಬಸ್‌ಸ್ಟ್ಯಾಂಡಿನಾಗ ನನಗೆಂದು ಹಿಂದ ಕಂಡಿತ್ತು? ಕಂಡಕ್ಟರ್ ಕೆಳಗ ನಿಂತು ಹೇಳ್ತಿದ್ದ. ನೀ ಹೇಳು. ಅಂಕಿ ಬ್ಯಾಡ, ಅಂಕಿ ಕೇಳಿದ್ರ ನನಗ ಲೆಕ್ಕ ಹಾಕಬೇಕಾಗತೈತಿ. ಬಾಯಿಲೆ ಹೇಳು."

ಹುಲಿಗೆಮ್ಮ ಉಡವನ್ನು ಇದ್ದಲ್ಲೇ ತಿರುಗಿಸಿದಳು. ಮೌನಾ ಅಂಕಿಗಳ ಮೇಲೆ ಕಣ್ಣು ನೆಟ್ಟು ಶುರುಮಾಡಿದಳು.

"ಬರ್ಲಿ. ಬರ್ಲಿ. ಬರ್ಲಿ. ಎಡಕ್ಕ ಸ್ವಲ್ಪ. ಹಾಂ, ಬರ್ಲಿ. ಹೋಲ್ಡಾನ್!"

ಉಡ ನಿಂತಿತು.

"ಬಲಕ್ಕ ನಾಕು ಬೆರಳು. ಅಷ್ಟ. ಬರ್ಲಿ. ಸಾವಕಾಶ ಬರ್ಲಿ."

ಐದು ಗಂಟೆಗೆ ಮೂವತ್ತೆಂಟು ನಿಮಿಷವಿರುವಾಗ ಕೆಳಗಿನಿಂದ 'ಖಟ್' ಎಂಬ ಸದ್ದು ಕೇಳಿ ಪರದೆಯ ಮೇಲೆ ಹಸಿರು ಗುರುತು ಬಂತು. ಕೊಂಡಿ ಬಿದ್ದಿತ್ತು. ನಸ್ರೀನ್ ಚಪ್ಪಾಳೆ ಹೊಡೆಯಲು ಕೈಯೆತ್ತಿ ಹಾಗೇ ನಿಂತಳು. ಗಾಳಿ ಹರಿವನ್ನು ತೋರಿಸುವ ಮುಳ್ಳು ಸೊನ್ನೆಯಲ್ಲೇ ಇತ್ತು.

ಚಕ್ರ ತಿರುವಬೇಕಾದವರು ಒಳಗಿನವರು. ಒಂದು ನಿಮಿಷ ಕಳೆಯಿತು, ಎರಡಾಯಿತು. ಮುಳ್ಳು ಅಲುಗಲಿಲ್ಲ. ಇಟಗಿಯವರು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. ಮೌನಾ ಮೇಜಿನ ಅಂಚನ್ನು ಹಿಡಿದಿದ್ದಳು. ಏನು ಯೋಚಿಸುತ್ತಿದ್ದಳೆಂದು ಆಮೇಲೆ ಕೇಳಿದಾಗ ಅವಳಿಗೆ ನೆನಪಿರಲಿಲ್ಲ.

"ಮಲಗಿರ್ತಾರ," ಎಂದಳು ಹುಲಿಗೆಮ್ಮ. "ಗಾಳಿ ಕಮ್ಮಿ ಆದ್ರ ಜೋಂಪು ಹತ್ತತೈತಿ. ಎಬ್ಬಸಬೇಕು. ಮೌನಾ, ಕಾಲೆತ್ತೂ ಗುಂಡಿ ಯಾವುದು?"

"ಮ್ಯಾಲಿಂದು, ನೀಲಿ."

ಹುಲಿಗೆಮ್ಮ ಆ ಗುಂಡಿ ಒತ್ತಿ ಬಿಟ್ಟಳು. ಉಡದ ಹಿಂಗಾಲು ಎದ್ದು ಉಕ್ಕಿನ ಗೋಡೆಗೆ ಬಡಿಯಿತು. ಡಣ್. ಮತ್ತೆ ಒತ್ತಿದಳು. ಡಣ್, ಡಣ್. ಅವಳು ನಿಲ್ಲಿಸಲಿಲ್ಲ. "ವಿರುಪಾ, ಏಳೋ," ಎಂದು ಪಿಸುಗುಡುತ್ತ ಒತ್ತಿದಳು. "ಸಣ್ಣಾಂವ ಇದ್ದಾಗ ಸಾಲಿಗೆ ಎಬ್ಬಸಿದಂಗ ಆತು ನೋಡು. ಏಳೋ." ಡಣ್, ಡಣ್, ಡಣ್. ಕೊಠಡಿಯಲ್ಲಿದ್ದವರೆಲ್ಲ ಆ ಸದ್ದನ್ನೇ ಕೇಳುತ್ತಿದ್ದರು.

ಮುಳ್ಳು ಅಲುಗಿತು. ಒಂದು ಗೆರೆ ಏರಿ ಇಳಿಯಿತು. ಮತ್ತೆ ಏರಿತು, ಏರುತ್ತಲೇ ಹೋಗಿ ನಡುವಿನ ಗೆರೆಯ ಮೇಲೆ ನಿಂತಿತು.

"ಹರಿಯಾಕತ್ತೈತಿ!" ನಸ್ರೀನ್ ಕೂಗಿದಳು. "ಗಾಳಿ ಹರಿಯಾಕತ್ತೈತಿ!"

ಯಾರು ಯಾರನ್ನು ಅಪ್ಪಿಕೊಂಡರೋ ಗೊತ್ತಾಗಲಿಲ್ಲ. ಇಟಗಿಯವರು ಗೋಡೆಗೊರಗಿ ಮಗುವಿನಂತೆ ಅತ್ತರು. ಹುಲಿಗೆಮ್ಮ ಮಾತ್ರ ಕಂಟ್ರೋಲರನ್ನು ಬಿಟ್ಟಿರಲಿಲ್ಲ. ಉಡ ಅಲುಗೀತೆಂಬ ಭಯ. ಮೌನಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಹತ್ತು ನಿಮಿಷದ ಮೇಲೆ ಪೈಪಿನೊಡನೆ ಹೋಗಿದ್ದ ತಂತಿಯಲ್ಲಿ ದನಿ ಬಂತು. ಸೋಮ್ಲಾ ನಾಯ್ಕನದು. "ಹಲೋ... ಮ್ಯಾಲ ಯಾರ್ ಅದೀರಿ?"

"ಇಟಗಿ ಮಾತಾಡ್ಲಿಕತ್ತೀನಿ. ಹ್ಯಾಂಗ ಅದೀರಿ ನಾಯ್ಕ?"

"ಮೂರೂ ಮಂದಿ ಅದೀವ್ರಿ. ಖಾಜಾನ ಕೈ ಮುರದೈತಿ. ವಿರುಪಣ್ಣಗ ತಲಿಗೆ ಪೆಟ್ಟು, ಆದ್ರ ಮಾತಾಡ್ತಾನ. ತಡೀರಿ, ಕೊಡ್ತೀನಿ."

"ಮೌನಾ ಅದಾಳೇನ್ರಿ ಅಲ್ಲಿ?" ವಿರುಪಣ್ಣನ ದನಿ ಮಂಪರಿನಲ್ಲಿತ್ತು.

"ಅದೀನಿ," ಎಂದಳು ಮೌನಾ. "ಅಕ್ಕಾರೂ ಇಲ್ಲೇ ಅದಾರ."

"ಅಕ್ಕನ್ನ ಯಾಕ ಕರಸೀರಿ? ಆಕಿಗೆ ಬಿಪಿ ಐತಿ. ಗಾಬರಿ ಆಗತಾಳ."

ನಿಯಂತ್ರಣ ಕೊಠಡಿ ನಗೆಯಲ್ಲಿ ಮುಳುಗಿತು. ಹುಲಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಅಳುತ್ತಿದ್ದಳು.

ಅಂದು ಸಂಜೆ ಇಬ್ಬರೂ ಮನೆಗೆ ಬಂದರು. ಅಕ್ಕಪಕ್ಕದವರು ಎರಡು ಕೊಡ ನೀರು ತಂದಿಟ್ಟಿದ್ದರು. ಮೌನಾ ಚಹಾ ಮಾಡಿದಳು. ಹುಲಿಗೆಮ್ಮ ಕಪ್ಪು ಹಿಡಿಯಲು ಹೋದಳು, ಹೆಬ್ಬೆರಳು ಮಡಚಲಿಲ್ಲ. ಎರಡೂ ಕೈ ಸೆಟೆದಿದ್ದವು. ಮೌನಾ ಕಪ್ಪನ್ನು ತಾನೇ ಹಿಡಿದು ಅವಳ ಬಾಯಿಗೆ ಒಡ್ಡಿದಳು.

"ನಾ ಹಂಗ ಕದ್ದು ಒಯ್ಯಬಾರದಿತ್ರಿ. ಕೇಳಬೇಕಿತ್ತು," ಎಂದಳು.

"ನಾ ನೀರು ಹಿಡಿಯೂದು ಮರೀಬಾರದಿತ್ತು." ಹುಲಿಗೆಮ್ಮ ಒಂದು ಗುಟುಕು ಕುಡಿದಳು. "ಮೌನಾ, ಬಸ್ಸು ಬಿಟ್ಟ ಮ್ಯಾಲೆ ನನಗ ಯಾರೂ ಒಂದು ಕೆಲಸ ಹೇಳಿಲ್ಲ ನೋಡು. ನೀ ಸುದ್ದಾ. ಕುಂದ್ರರಿ ಅಕ್ಕಾರ, ನಾ ಮಾಡ್ತೀನಿ ಅಂತಿ. ಅದಕ್ಕ ಆ ಆಟದಾಗ ಬಿದ್ದೆ."

ಮೌನಾ ಎದ್ದು ಎಣ್ಣೆ ಬಿಸಿ ಮಾಡಿ ತಂದು ಅವಳ ಎರಡೂ ಕೈ ತಿಕ್ಕಿದಳು.

ಮುಂದೆ ವಿಚಾರಣೆ ನಡೆಯಿತು. ಇಟಗಿಯವರನ್ನು ಎರಡು ಸಲ ಕರೆಸಿದರು. ಹುಲಿಗೆಮ್ಮನನ್ನೂ ಕರೆಸಿ, ಯಾವ ಅಧಿಕಾರದಿಂದ ಯಂತ್ರ ನಡೆಸಿದಿರೆಂದು ಕೇಳಿದರು. "ತಮ್ಮ ಒಳಗಿದ್ದ," ಎಂದಳು ಅವಳು. ಆ ಉತ್ತರವನ್ನು ಹಾಗೇ ಬರೆದುಕೊಂಡರು. ಯಾರಿಗೂ ಶಿಕ್ಷೆಯಾಗಲಿಲ್ಲ. ಆರು ತಿಂಗಳ ಮೇಲೆ ಕಾಯ್ದೆಗೊಂದು ತಿದ್ದುಪಡಿ ಬಂತು: ರಕ್ಷಣಾ ಯಂತ್ರವಿರುವ ಪ್ರತಿ ಕೊಠಡಿಯಲ್ಲೂ ಕೈಯಿಂದ ನಡೆಸುವ ಒಂದು ಕಂಟ್ರೋಲರು, ಅದಕ್ಕೆ ತಕ್ಕ ಕೇಬಲು, ಅದನ್ನು ಬಲ್ಲ ಒಬ್ಬ ಮನುಷ್ಯ ಇರಬೇಕು. ಅಂಥವರಿಗೆ ಕಲಿಸುವ ಕೆಲಸ ಹುಲಿಗೆಮ್ಮನಿಗೇ ಸಿಕ್ಕಿತು. ಅದೆಲ್ಲ ಆಮೇಲಿನ ಮಾತು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಸುರಂಗದ ಕಲ್ಲು ತೆರವಾಯಿತು. ಒಂಬತ್ತಕ್ಕೆ ಜನರನ್ನು ಹೊರುವ ಕೇಜು ಮೇಲೆ ಬಂತು. ಇಡೀ ಕಾಲೊನಿ ಗಣಿಗಿಳಿಯುವ ಶಾಫ್ಟಿನ ಸುತ್ತ ನೆರೆದಿತ್ತು. ಮೊದಲು ಖಾಜಾನನ್ನು ಸ್ಟ್ರೆಚರಿನ ಮೇಲೆ ತಂದರು. ಅವನ ತಾಯಿ ಜೊತೆಗೇ ಓಡಿದಳು. ಸೋಮ್ಲಾ ನಾಯ್ಕ ಹೊರಗೆ ಬಂದವನೇ ನೆಲದ ಮೇಲೆ ಅಂಗಾತ ಮಲಗಿ ಆಕಾಶ ನೋಡಿದ. ವಿರುಪಣ್ಣ ಕೊನೆಗೆ ಬಂದ. ತಲೆಗೆ ಬಟ್ಟೆ ಸುತ್ತಿತ್ತು, ಗಡ್ಡದಲ್ಲಿ ಧೂಳಿತ್ತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಹೆಂಡತಿಯ ಮುಂದೆ ಬಂದು ನಿಂತ.

"ಹಸಿವಾಗೈತಿ," ಎಂದ.

ಎರಡು ದಿನದಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಮೌನಾ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹುಲಿಗೆಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು, ಬೇಡವೆನ್ನಲಿಲ್ಲ. ಅತ್ತು ಮುಗಿಯುವ ತನಕ ಕಾದು, ಡಾಕ್ಟರ ಅಪ್ಪಣೆ ಪಡೆದು ಬಂದು, ದವಾಖಾನೆಯ ಮುಂದಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ವಿರುಪಣ್ಣ ನಾಲ್ಕು ರೊಟ್ಟಿ ತಿಂದ. ಐದನೆಯದನ್ನು ಅರ್ಧ ಮುರಿದು ಒಂದು ತುಂಡನ್ನು ಅಕ್ಕನ ಕೈಗೆ, ಇನ್ನೊಂದನ್ನು ಹೆಂಡತಿಯ ಕೈಗೆ ಕೊಟ್ಟ. ಮೂವರೂ ಅಲ್ಲೇ ನೆಲದ ಮೇಲೆ ಕೂತು ಉಂಡರು. ಮೇಲೆ ಬೇವಿನ ಎಲೆಗಳು ಗಾಳಿಗೆ ಅಲುಗುತ್ತಿದ್ದವು. ವಿರುಪಣ್ಣ ನಡುನಡುವೆ ಊಟ ನಿಲ್ಲಿಸಿ, ಎದೆ ತುಂಬ ಉಸಿರೆಳೆದುಕೊಂಡು, ಮತ್ತೆ ತುತ್ತು ಮುರಿಯುತ್ತಿದ್ದ.